ಟೇಪು ನುಂಗಿದ ‘ಅಲ್ಲ’

ಗಾಂಧಿನಗರದ ಒಂದು ವಕೀಲರ ಕಚೇರಿಗೆ 1989ರಲ್ಲಿ ಸ್ಟೆನೋ ಆಗಿ ಸೇರಿದೆ. ಚಾಮರಾಜಪೇಟೆಯ ಬೆರಳಚ್ಚು ಶಾಲೆಯೊಂದರಲ್ಲಿ ಕನ್ನಡ, ಇಂಗ್ಲಿಷ್ ಎರಡರ ಶೀಘ್ರಲಿಪಿಯನ್ನೂ ಕಲಿತಿದ್ದೆ. ಹೈಕೋರ್ಟಿಗೆ ಹೋಗುವುದೆಲ್ಲ ಇಂಗ್ಲಿಷಿನಲ್ಲಿ. ಸಿವಿಲ್ ಕೋರ್ಟಿನ ಜಮೀನು ವ್ಯಾಜ್ಯಗಳಲ್ಲಿ ಕನ್ನಡವೂ ಸಾಕಷ್ಟು ಇರುತ್ತಿತ್ತು. ಪೆನ್ಸಿಲು, ಟೇಪು, ಈಗ ದನಿಯನ್ನು ತಾನೇ ಅಕ್ಷರ ಮಾಡುವ ಯಂತ್ರ, ಈ ಮೂರರ ಜೊತೆಗೂ ಕೆಲಸ ಮಾಡಿದ್ದೇನೆ.

ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿ ಕಾಗುಣಿತವನ್ನು ಬಿಟ್ಟು ದನಿಯನ್ನೇ ಹಿಡಿಯುವ ಲಿಪಿ. ‘ಪ’ ಕಾರಕ್ಕೆ ತೆಳು ಗೆರೆ, ಅದೇ ಗೆರೆ ದಪ್ಪವಾದರೆ ‘ಬ’ ಕಾರ. ಸ್ವರಗಳನ್ನು ಬಹುಪಾಲು ಬಿಟ್ಟೇ ಬರೆಯುತ್ತೇವೆ, ಓದುವಾಗ ಸಂದರ್ಭ ನೋಡಿ ತುಂಬಿಕೊಳ್ಳುತ್ತೇವೆ. ಹಾಗಾಗಿ ಬರೆದವರೇ ಅದನ್ನು ಓದಿ ಹೇಳಬೇಕು. ನಮ್ಮ ಸೀನಿಯರ್ ಪಹಣಿಯನ್ನು ಕೈಯಲ್ಲಿ ಹಿಡಿದು ಓಡಾಡುತ್ತಾ ಹೇಳುತ್ತಿದ್ದರು. ಒಂದು ಪ್ಯಾರಾ ಮುಗಿದ ಕೂಡಲೇ ನಿಂತು ‘ಓದಮ್ಮ’ ಎನ್ನುತ್ತಿದ್ದರು. ನಾನು ಓದುವಾಗ ಅವರ ಹುಬ್ಬು ಗಂಟಿಕ್ಕಿದರೆ ಆ ವಾಕ್ಯದಲ್ಲಿ ಏನೋ ಸಡಿಲವಿದೆ ಎಂದು ಅರ್ಥ. ಆಗ ನನಗೆ ಇದೆಲ್ಲ ಹೊತ್ತು ಕಳೆಯುವ ಕೆಲಸ ಅನ್ನಿಸುತ್ತಿತ್ತು. ನಾಲ್ಕು ಕಾರ್ಬನ್ ಪ್ರತಿಗಳ ಬೆರಳಚ್ಚು ನನಗಾಗಿ ಕಾದಿರುತ್ತಿತ್ತಲ್ಲ.

1994ರಲ್ಲಿ ಸೀನಿಯರ್ ನ್ಯಾಷನಲ್ ಮಾರ್ಕೆಟ್‌ನಿಂದ ಅಂಗೈಯಗಲದ ಒಂದು ಮೈಕ್ರೊಕ್ಯಾಸೆಟ್ ರೆಕಾರ್ಡರ್ ತಂದರು. ಈ ಪುಟ್ಟ ಕ್ಯಾಸೆಟ್ಟನ್ನು ಒಲಿಂಪಸ್ ಕಂಪನಿ 1969ರಲ್ಲೇ ಹೊರತಂದಿತ್ತು, ನಮ್ಮ ಕಚೇರಿಗೆ ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಸಾಮಾನ್ಯ ವೇಗದಲ್ಲಿ ಒಂದು ಬದಿಗೆ 30 ನಿಮಿಷ. ನನಗೆ ಕಾಲಿನಿಂದ ಒತ್ತುವ ಪೆಡಲ್ ಇದ್ದ ಯಂತ್ರವೊಂದು ಬಂತು. ಪೆಡಲ್ ಬಿಟ್ಟರೆ ಟೇಪು ತುಸು ಹಿಂದಕ್ಕೆ ಸರಿದು ನಿಲ್ಲುತ್ತಿತ್ತು, ಕೈ ಕೀಲಿಮಣೆ ಬಿಟ್ಟು ಕದಲಬೇಕಾಗಿರಲಿಲ್ಲ. ಸೀನಿಯರ್ ರಾತ್ರಿ ಮನೆಯಲ್ಲಿ ಕುಳಿತು ಹೇಳಿದ್ದು ಬೆಳಿಗ್ಗೆ ಲಕೋಟೆಯಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ದಿನದ ಕೆಲಸ ಎರಡು ಪಟ್ಟಾಯಿತು. ‘ಓದಮ್ಮ’ ಎನ್ನುವುದು ನಿಂತುಹೋಯಿತು, ಅದನ್ನು ನಾವಿಬ್ಬರೂ ಗಮನಿಸಲಿಲ್ಲ.

ಮಾರನೆಯ ವರ್ಷ ಯಲಹಂಕದ ಕಡೆಯ ಒಬ್ಬ ರೈತ ಮಹಿಳೆಯ ಪರವಾಗಿ ಲಿಖಿತ ಹೇಳಿಕೆ, ಅಂದರೆ ಆಕೆಯ ಮೇಲೆ ದಾವಾ ಹೂಡಿದವರಿಗೆ ಕೊಡುವ ಉತ್ತರ, ಸಿದ್ಧವಾಗುತ್ತಿತ್ತು. ವಾದಪತ್ರದ ಒಂದೊಂದು ಪ್ಯಾರಾಕ್ಕೂ ‘ಎಂಬುದು ನಿಜ’ ಅಥವಾ ‘ಎಂಬುದು ನಿಜವಲ್ಲ’ ಎಂದು ಉತ್ತರ ಕೊಡುತ್ತಾ ಹೋಗುವುದು ಅದರ ಕ್ರಮ. ಸೀನಿಯರ್ ಅವರಿಗೆ ವಾಕ್ಯ ಮುಗಿಯುವ ಮೊದಲೇ ರೆಕಾರ್ಡರಿನ ಗುಂಡಿಯಿಂದ ಹೆಬ್ಬೆರಳು ತೆಗೆಯುವ ಅಭ್ಯಾಸವಿತ್ತು. ವಾದಿ ದಾವಾ ಸ್ವತ್ತಿನ ಸ್ವಾಧೀನದಲ್ಲಿದ್ದಾರೆ ಎಂಬುದು ನಿಜ, ಅಷ್ಟರಲ್ಲಿ ಟಕ್. ಹಿಂದಿನ ಎರಡು ಪ್ಯಾರಾಗಳೂ ‘ನಿಜ’ ಎಂದೇ ಮುಗಿದಿದ್ದವು. ನಾನು ‘ನಿಜ’ ಎಂದೇ ಬೆರಳಚ್ಚು ಮಾಡಿದೆ. ಅವರು ಅವಸರದಲ್ಲಿ ಕಣ್ಣಾಡಿಸಿದರು, ಆಕೆ ಹೆಬ್ಬೆಟ್ಟು ಒತ್ತಿದರು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 5ನೇ ನಿಯಮದ ಪ್ರಕಾರ, ನಿರ್ದಿಷ್ಟವಾಗಿ ಅಲ್ಲಗಳೆಯದೆ ಬಿಟ್ಟದ್ದನ್ನೇ ಒಪ್ಪಿದಂತೆ ಎಣಿಸುತ್ತಾರೆ. ನಾನಂತೂ ಸ್ಪಷ್ಟ ಅಕ್ಷರಗಳಲ್ಲಿ ಒಪ್ಪಿಸಿಬಿಟ್ಟಿದ್ದೆ. ಎದುರು ಪಕ್ಷದವರು ಅದನ್ನು ಎತ್ತಿ ತೋರಿಸಿದ ದಿನ ಆಕೆ ಕಚೇರಿಗೆ ಬಂದು, ‘ಉಳುತ್ತಿರುವವಳು ನಾನಲ್ಲವೇ ತಾಯಿ?’ ಎಂದು ನನ್ನನ್ನೇ ಕೇಳಿದರು. ಆ ಪ್ರಶ್ನೆ ಈಗಲೂ ಕಿವಿಯಲ್ಲಿದೆ. 6ನೇ ಆದೇಶದ 17ನೇ ನಿಯಮದಡಿ ಅರ್ಜಿ ಹಾಕಿ ತಿದ್ದುಪಡಿ ಪಡೆದೆವು. ಖರ್ಚು ಕಟ್ಟಬೇಕಾಯಿತು, ಏಳೆಂಟು ತಿಂಗಳು ಹೋಯಿತು.

ಕನ್ನಡದಲ್ಲಿ ವಾಕ್ಯದ ಭಾರವೆಲ್ಲ ಕೊನೆಗೆ ಬಂದು ಕೂರುತ್ತದೆ. ಕೊಟ್ಟಿದ್ದೇನೆ, ಕೊಟ್ಟಿಲ್ಲ, ನಿಜ, ನಿಜವಲ್ಲ. ಇಂಗ್ಲಿಷಿನ ನಿಷೇಧ ಸಾಮಾನ್ಯವಾಗಿ ನಡುವೆಯೇ ಬಂದುಬಿಡುತ್ತದೆ. ನಮ್ಮದು ಉಸಿರು ಇಳಿಯುವ, ದನಿ ತಗ್ಗುವ, ಬೆರಳು ಸಡಿಲವಾಗುವ ಜಾಗದಲ್ಲೇ ಇರುತ್ತದೆ. ರೆಕಾರ್ಡರಿನ ಕೈಪಿಡಿಯಲ್ಲಿ ಈ ಮಾತು ಇರಲಿಲ್ಲ.

ಅಂದಿನಿಂದ ಸೀನಿಯರ್ ಜೊತೆ ಕುಳಿತು ಒಂದು ಪದ್ಧತಿ ಮಾಡಿಕೊಂಡೆ. ಅಲ್ಲಗಳೆಯುವ ಪ್ಯಾರಾ ಬಂದರೆ ಅವರು ಮೊದಲೇ ‘ಅಲ್ಲಗಳೆ’ ಎಂದು ನನಗೊಂದು ಸೂಚನೆ ಕೊಟ್ಟು ಆಮೇಲೆ ವಾಕ್ಯ ಹೇಳಬೇಕು. ವಾಕ್ಯ ಮುಗಿದ ಮೇಲೂ ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಗುಂಡಿ ಬಿಡಬಾರದು. ಕೇಳಿಸದ ಕಡೆ ನಾನು ಊಹಿಸುವಂತಿಲ್ಲ. ಜಾಗ ಖಾಲಿ ಬಿಟ್ಟು, ಯಂತ್ರದ ಕೌಂಟರ್ ತೋರಿಸುವ ಅಂಕಿಯನ್ನು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆಯಬೇಕು. ಸಂಜೆ ಇಪ್ಪತ್ತು ನಿಮಿಷ ಮತ್ತೆ ‘ಓದಮ್ಮ’.

ಕಂಪ್ಯೂಟರ್ ಬಂದಾಗ ಕಾರ್ಬನ್ ಹೋಯಿತು, ಬರಹ, ನುಡಿ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶಗಳು ಬಂದವು. ತಿದ್ದುವುದು ಸುಲಭವಾಯಿತು, ಕೇಳುವ ಕೆಲಸ ಹಾಗೆಯೇ ಉಳಿಯಿತು.

2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ದನಿ ಬರಹಕ್ಕೆ ಕನ್ನಡವನ್ನೂ ಸೇರಿಸಿತು. ಅಂದಿನ ಜೂನಿಯರ್ ಈಗ ಕಚೇರಿ ನಡೆಸುತ್ತಾರೆ, ಅವರ ಮೊಬೈಲಿನಲ್ಲೇ ಮೊದಲು ನೋಡಿದೆ. ಮಾತಾಡುತ್ತಿದ್ದಂತೆ ಅಕ್ಷರ ಮೂಡುವುದನ್ನು ಕಂಡು ನಿಜಕ್ಕೂ ಸಂತೋಷಪಟ್ಟೆ. ಆಮೇಲೆ ಒಂದು ಷೆಡ್ಯೂಲ್, ಅಂದರೆ ದಾವಾ ಸ್ವತ್ತಿನ ವಿವರದ ಪಟ್ಟಿ, ಹೇಳಿ ನೋಡಿದೆವು. ಗುಂಟೆ ಗಂಟೆಯಾಯಿತು, ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಪಾರ್ಟಿ ಸವಾಲಾಯಿತು, ಸರ್ವೆ ನಂಬರ್ 42/1 ಎಂಬುದು 421 ಆಯಿತು. ಇಂಥವು ಕಣ್ಣಿಗೆ ಹೊಡೆಯುವ ತಪ್ಪುಗಳು, ಅವುಗಳ ಭಯ ನನಗಿಲ್ಲ. ಒಂದು ಎಕರೆಗೆ 40 ಗುಂಟೆ, ಆದ್ದರಿಂದ 45 ಗುಂಟೆ ಎಂದು ಬಂದರೆ ಮಗುವೂ ಹಿಡಿಯುತ್ತದೆ. 18 ಗುಂಟೆ 38 ಆದರೆ ಪಹಣಿ ನೋಡದೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಅಂಕಿಗಳನ್ನೂ ಚಕ್ಕುಬಂದಿಯನ್ನೂ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ) ದನಿಗೆ ಒಪ್ಪಿಸುವುದಿಲ್ಲ, ದಾಖಲೆ ಎದುರಿಟ್ಟುಕೊಂಡು ನಾನೇ ಕೈಯಾರೆ ಹಾಕುತ್ತೇನೆ.

ಕಕ್ಷಿದಾರರ ಹೇಳಿಕೆಯ ಧ್ವನಿಮುದ್ರಣವನ್ನು ಸಿಕ್ಕ ಸಿಕ್ಕ ಉಚಿತ ಆ್ಯಪ್‌ಗೆ ಏರಿಸುವುದನ್ನು ನಾನು ಕಟ್ಟುನಿಟ್ಟಾಗಿ ತಡೆದಿದ್ದೇನೆ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ವಕೀಲರ ಜೊತೆಗೆ ಅವರ ಗುಮಾಸ್ತರನ್ನೂ ನೌಕರರನ್ನೂ ಗೋಪ್ಯತೆಗೆ ಕಟ್ಟಿಹಾಕುತ್ತದೆ. ಹಳೆಯ ಕಾಯಿದೆಯಲ್ಲೂ ಹಾಗೆಯೇ ಇತ್ತು. ಎಲ್ಲೋ ಇರುವ ಸರ್ವರಿಗೆ ಆ ಮಾತನ್ನು ಒಪ್ಪಿಸಿದ ಮೇಲೆ ಅದು ಯಾರ ಕೈ ಸೇರುತ್ತದೆಂದು ಕಕ್ಷಿದಾರರಿಗೆ ನಾನು ಏನೆಂದು ಹೇಳಲಿ? ಈಗ ಕಚೇರಿಯ ಕಂಪ್ಯೂಟರಿನಲ್ಲೇ, ಇಂಟರ್‌ನೆಟ್ ಇಲ್ಲದೆ ದನಿಯನ್ನು ಬರಹ ಮಾಡುವ ವಿಸ್ಪರ್ ಎಂಬ ತಂತ್ರಾಂಶವನ್ನು ಬಳಸುತ್ತೇವೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ಇನ್ನೂ ಬಹಳ ತಿದ್ದಬೇಕು.

ಟೇಪು ಮಾತನ್ನು ನುಂಗಿದರೆ ಅಲ್ಲೊಂದು ಟಕ್ ಶಬ್ದವಾದರೂ ಉಳಿಯುತ್ತಿತ್ತು. ಹೊಸ ಯಂತ್ರ ತೂತನ್ನು ಮುಚ್ಚಿ ನುಣ್ಣಗೆ ಗಾರೆ ಮಾಡಿಕೊಡುತ್ತದೆ. ಮೌನವಿದ್ದ ಕಡೆಯೂ ಒಮ್ಮೊಮ್ಮೆ ಯಾರೂ ಆಡದ ಮಾತು ಬರೆದಿರುತ್ತದೆ. 2023ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಯಂತ್ರದಿಂದ ವಾದವನ್ನು ಬರೆಸುವ ಪ್ರಯೋಗ ಶುರುವಾದಾಗಲೂ, ಬರಹವನ್ನು ಪರಿಶೀಲನೆಗಾಗಿ ವಕೀಲರಿಗೆ ಕೊಡುವ ಏರ್ಪಾಡು ಇತ್ತು. ಅದು ನನಗೆ ಬಹಳ ಸರಿ ಅನ್ನಿಸಿತು. ನಮ್ಮ ಕೋರ್ಟುಗಳ ಸಾಕ್ಷ್ಯದ ಕೊನೆಯಲ್ಲಿ ‘ಓದಿ ಹೇಳಿ ಕೇಳಿದ್ದು ಸರಿ ಇದೆ’ ಎಂಬ ಒಕ್ಕಣೆ ಸುಮ್ಮನೆ ಬಂದದ್ದಲ್ಲ.

ಕಳೆದ ತಿಂಗಳು ದೊಡ್ಡಬಳ್ಳಾಪುರದ ಕಡೆಯ ಹಿರಿಯರೊಬ್ಬರ ಪ್ರಮಾಣಪತ್ರವನ್ನು ಅವರೆದುರು ಗಟ್ಟಿಯಾಗಿ ಓದುತ್ತಿದ್ದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಏಳನೇ ಪ್ಯಾರಾದಲ್ಲಿ ‘ನನ್ನ ತಮ್ಮನಿಗೆ ಅವನ ಪಾಲಿನ ಹಣ ಕೊಟ್ಟಿದ್ದೇನೆ’ ಎಂದಾಗ ಕೈ ಎತ್ತಿದರು. ‘ತಡೆಯಮ್ಮ, ಆ ಮಾತು ನಾನು ಹೇಳಿಲ್ಲ.’ ಧ್ವನಿಮುದ್ರಣವನ್ನು ಹಿಂದಕ್ಕೆ ಒಯ್ದು ಇಬ್ಬರೂ ಕೇಳಿದೆವು. ‘ನನ್ನ ತಮ್ಮನಿಗೆ ಅವನ ಪಾಲಿನ ಹಣ’ ಎಂದಲ್ಲಿಗೆ ಅವರ ಗಂಟಲು ಕಟ್ಟಿತ್ತು. ಮುಂದೆ ಫ್ಯಾನಿನ ಸದ್ದು ಮಾತ್ರ. ಆ ವಾಕ್ಯವನ್ನು ಹೊಡೆದುಹಾಕಿ, ಹಣ ಕೊಟ್ಟಿದ್ದೀರಾ ಇಲ್ಲವಾ ಎಂದು ಕೇಳಿದೆ. ಅವರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಮತ್ತೆ ಅವರಿಗೇ ಓದಿ ಹೇಳಿ, ಎಂಟನೇ ಪ್ಯಾರಾಕ್ಕೆ ಹೋದೆ.