ಮಂಗಳವಾರ, ಗುರುವಾರ, ಶನಿವಾರ

ನಮ್ಮ ಯಜಮಾನರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಇದು ಏಳನೇ ವರ್ಷ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಡಯಾಲಿಸಿಸ್. ಸಭೆಯಲ್ಲಿ ಸಾಕ್ಷಿ ಹೇಳಲು ಕರೆದರೆ ನನಗೆ ಕಾಲೇಳುವುದಿಲ್ಲ. ಸಾಕ್ಷಿ ಎಂದರೆ ಕೊನೆಯಲ್ಲಿ ‘ಕರ್ತನು ಗುಣಮಾಡಿದನು’ ಎಂಬ ಮಾತು ಬರಬೇಕು, ಎಲ್ಲರೂ ‘ಸ್ತೋತ್ರ’ ಅನ್ನಬೇಕು. ನನ್ನ ಹತ್ತಿರ ಆ ಕೊನೆ ಇಲ್ಲ. ಇವತ್ತು ಬುಧವಾರ, ನಾಳೆ ಮತ್ತೆ ಹೋಗಬೇಕು, ಅಷ್ಟೆ.

ಆದರೂ ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನಲ್ಲಿ ಹೊಸಬರು ಬಂದು ಕೂರುತ್ತಾರೆ. ಕೈಯಲ್ಲಿ ಬೈಬಲ್ ಕಂಡರೆ ಮಾತು ತೆಗೆಯುತ್ತಾರೆ. “ಅಕ್ಕಾ, ಇಷ್ಟು ವರ್ಷ ಹೇಗೆ ನಂಬಿಕೆ ಉಳಿಸಿಕೊಂಡ್ರಿ?” ಎಂದು ಕೇಳುತ್ತಾರೆ. ಅಲ್ಲಿ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ಬರೀ ಚೌಕಾಸಿ. ಶುಕ್ರವಾರ ಉಪವಾಸ, ರಾತ್ರಿಯಿಡೀ ಪ್ರಾರ್ಥನೆ, ‘ಇವರನ್ನು ಗುಣಮಾಡಿದರೆ ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ’ ಎಂಬ ಹರಕೆಯಂಥ ಮಾತುಗಳು. ಯೆರೆಮೀಯ 29:11 ಅನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ದೇವರು ನಮಗಾಗಿ ಇಟ್ಟುಕೊಂಡಿರುವುದು ಹಿತದ ಆಲೋಚನೆ ಎನ್ನುವ ವಚನ ಅದು. ಪ್ರತಿ ರಕ್ತಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಮುಟ್ಟಿ ಮಲಗುತ್ತಿದ್ದೆ. ಬೆಳಿಗ್ಗೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಬೇಕಾದ ರಕ್ತದ ಕಲ್ಮಶ, ಎಂದಿನಷ್ಟೇ ಇರುತ್ತಿತ್ತು. ಆ ಕಾಗದವನ್ನು ನಾನು ತಾಯಿತದ ಹಾಗೆ ಬಳಸುತ್ತಿದ್ದೇನೆ ಎಂಬುದು ಆಗ ಹೊಳೆದಿರಲಿಲ್ಲ.

ಒಂದು ದಿನ ಮಷೀನಿನ ಪಕ್ಕ ಕೂತು, ಹೊತ್ತು ಹೋಗದೆ, 28ನೇ ಅಧ್ಯಾಯದಿಂದಲೇ ಓದಿಕೊಂಡು ಬಂದೆ. 29ನೇ ಅಧ್ಯಾಯ ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದವಂತೆ! ನಾನು ಅಂಟಿಸಿದ್ದ ವಚನಕ್ಕಿಂತ ಒಂದು ವಚನ ಮೇಲೆ, ಎಪ್ಪತ್ತು ವರ್ಷ ಕಳೆದ ಮೇಲೆ ಕರೆತರುತ್ತೇನೆ ಎಂದಿದೆ. ಎಪ್ಪತ್ತು! ಆ ಕಾಗದ ಕೈಗೆ ಬಂದ ಹಿರಿಯರು ಊರಿನ ಮಣ್ಣು ಮೆಟ್ಟುವುದಿಲ್ಲ ಎಂದೇ ಅದರ ಅರ್ಥ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರ ಮುಂದೆ ಸಾರುತ್ತಾನೆ. ಕೇಳಲು ಎಷ್ಟು ಚೆಂದ! ಅದು ಸುಳ್ಳು ಪ್ರವಾದನೆ. ನಾನು ಒಂದು ವರ್ಷ ಯೆರೆಮೀಯನ ವಚನವನ್ನು ಹನನ್ಯನ ದನಿಯಲ್ಲಿ ಓದಿದ್ದೆ.

ಮನೆಗೆ ಬಂದು ಕಾಗದ ಕಿತ್ತುಹಾಕಲಿಲ್ಲ. ಅದರ ಕೆಳಗೆ 5ನೇ ವಚನ ಬರೆದೆ: ಮನೆ ಕಟ್ಟಿಕೊಳ್ಳಿ, ವಾಸಿಸಿ, ತೋಟ ಮಾಡಿ, ಅದರ ಫಲ ತಿನ್ನಿ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ‘ಅಪ್ಪ ಹುಷಾರಾದ ಮೇಲೆ’ ಎಂದು ನಿಂತಿತ್ತು. ಮಗಳ ಸಂಗೀತ ಪಾಠ, ಸೋರುತ್ತಿದ್ದ ಮಾಡಿನ ರಿಪೇರಿ, ನಾನು ಬಿಟ್ಟಿದ್ದ ಟೈಲರಿಂಗ್. ಆ ತಿಂಗಳೇ ಮೂರನ್ನೂ ಶುರು ಮಾಡಿದೆವು. ದೇವರ ಮಾತು ಕೇಳುವುದು ಅಂದಾಗ ನನ್ನ ನೆನಪಿಗೆ ಮೊದಲು ಬರುವುದು ಆ ಮಾಡಿನ ರಿಪೇರಿ.

‘ಮಾತು ಕೇಳು’ ಅನ್ನುವುದನ್ನೇ ಹೇಳಬೇಕು. ವಿಧೇಯತೆ ಎಂಬ ಪದ ಪ್ರಸಂಗಪೀಠದಿಂದ ಬಿದ್ದಾಗ ಭಾರವಾಗಿ, ಶಿಕ್ಷೆಯ ಹಾಗೆ ಕೇಳಿಸುತ್ತದೆ. ಮನೆಯಲ್ಲಿ ನಾವು ಹಾಗನ್ನುತ್ತೇವೆಯೇ? ‘ಆ ಮಗು ಮಾತು ಕೇಳುತ್ತೆ’ ಅನ್ನುತ್ತೇವೆ. ಕಿವಿಯಿಂದ ಕೇಳುವುದೂ ಹೇಳಿದ ಹಾಗೆ ನಡೆಯುವುದೂ ನಮಗೆ ಒಂದೇ ಪದ. ಹೀಬ್ರೂವಿನಲ್ಲೂ ಹಾಗೆಯೇ, ‘ಶಮಾ’ ಎಂಬ ಒಂದೇ ಪದಕ್ಕೆ ಎರಡು ಅರ್ಥವೂ ಉಂಟು. ಧರ್ಮೋಪದೇಶಕಾಂಡ 6:4 ಶುರುವಾಗುವುದೇ ಅದರಿಂದ. ಇದು ತಿಳಿದ ಮೇಲೆ ನನ್ನ ಪ್ರಶ್ನೆ ಚಿಕ್ಕದಾಯಿತು. ‘ನನ್ನ ಜೀವನಕ್ಕೆ ದೇವರ ಚಿತ್ತವೇನು’ ಎಂದು ಕೇಳುತ್ತಿದ್ದವಳು, ‘ಇವತ್ತು ಯಾವ ಮಾತು ಕಿವಿಗೆ ಬಿದ್ದಿದೆ, ಅದನ್ನು ಮಾಡಿದ್ದೇನೆಯೇ’ ಎಂದು ಕೇಳಲು ಕಲಿತೆ. ಬಹಳ ಸಲ ಉತ್ತರ ನಾಚಿಕೆಯಾಗುವಷ್ಟು ಸಣ್ಣದಿರುತ್ತಿತ್ತು: ನರ್ಸಮ್ಮನ ಮೇಲೆ ರೇಗಿದ್ದಕ್ಕೆ ಕ್ಷಮೆ ಕೇಳು. ಹೋಗಿ ಮಲಗು.

ಆದರೆ ಒಂದು ಸಲ ಅದು ಸಣ್ಣದಾಗಿರಲಿಲ್ಲ.

ಎರಡನೇ ವರ್ಷ. ನನ್ನ ಕಿಡ್ನಿ ಕೊಡುತ್ತೇನೆ ಎಂದು ಪರೀಕ್ಷೆಗೆ ಹೋದೆ. ರಕ್ತದ ಗುಂಪು ಹೊಂದಿತು. ಆದರೆ ನನಗೇ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು ಆ ಪರೀಕ್ಷೆಯಲ್ಲೇ. ದಾನಿಯಾಗಲು ಬಾರದು ಅಂದರು. ಮೃತರ ಅಂಗಕ್ಕಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಬಂದೆವು. ಆ ಹೊತ್ತಿಗೆ ನಮ್ಮ ಭಾವ ಒಬ್ಬರನ್ನು ಮನೆಗೆ ಕರೆತಂದರು. ಬಹಳ ಸಭ್ಯ ಮನುಷ್ಯ. “ಕಿಡ್ನಿ ಕೊಡೋರು ಇದ್ದಾರೆ, ಅವರಿಗೂ ದುಡ್ಡಿನ ಅವಸರ. ಸಂಬಂಧಿಕರು ಅಂತ ಒಂದು ಪ್ರಮಾಣಪತ್ರ ಮಾಡಿಸಿದರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ” ಅಂದ. ದುಡ್ಡು ಭಾವನೇ ಸಾಲ ಕೊಡಲು ಸಿದ್ಧ. ಅವರ ಪ್ರೀತಿಯನ್ನು ನಾನು ಇವತ್ತಿಗೂ ಅನುಮಾನಿಸುವುದಿಲ್ಲ.

ಮೂರು ವಾರ ನಿದ್ದೆಯಿಲ್ಲ. ನಿಜ ಹೇಳುತ್ತೇನೆ, ನನಗೆ ಬೇಕಿತ್ತು. ಸುಳ್ಳು ಸಹಿಗೆ ನಾನು ತಯಾರಿದ್ದೆ. ಪ್ರಾರ್ಥನೆಯಲ್ಲಿ ದೇವರಿಗೇ ವಾದ ಮಂಡಿಸಿದೆ: ಇಸ್ರಾಯೇಲ್ಯರ ಬೇಹುಗಾರರನ್ನು ಉಳಿಸಲು ರಾಹಾಬಳು ಸುಳ್ಳು ಹೇಳಲಿಲ್ಲವೇ? ಯಜಮಾನರು ಆ ಮೂರು ವಾರ ಏನೂ ಮಾತಾಡಲಿಲ್ಲ. ಅವರು ವಚನ ಗಿಚನ ಹೇಳುವವರಲ್ಲ. ಒಂದು ರಾತ್ರಿ ಕತ್ತಲೆಯಲ್ಲೇ ಅಂದರು: “ಯಾರೋ ಸಾಲಕ್ಕೆ ಸಿಕ್ಕಿಬಿದ್ದವನ ಹೊಟ್ಟೆ ಕೊಯ್ಸಿ ನಾನು ಬದುಕೋದಾ? ಅವನನ್ನ ತಮ್ಮ ಅಂತ ಸುಳ್ಳು ಬರೆದು ಸಹಿ ಹಾಕಿ, ಆಮೇಲೆ ಕರ್ತನ ಭೋಜನಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಬೇಡ ಅನ್ನು ಅವರಿಗೆ.” ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅವರ ಮೇಲೆ ಸಿಟ್ಟು. ದೇವರ ಮೇಲೆ ಅದಕ್ಕಿಂತ ಹೆಚ್ಚು.

ಮಾತು ಕೇಳಿದರೆ ಮನಸ್ಸಿಗೆ ಸಮಾಧಾನ ಬರುತ್ತದೆ ಎನ್ನುತ್ತಾರೆ. ನನಗೆ ಬರಲಿಲ್ಲ. ಬೇಡ ಎಂದು ಫೋನು ಮಾಡಿದ ದಿನ ಕೈ ನಡುಗುತ್ತಿತ್ತು, ಮರುದಿನವೂ ನಡುಗುತ್ತಿತ್ತು. ಭಾವ ಬರುವುದನ್ನು ಬಿಟ್ಟರು. ಮುಂದಿನ ತಿಂಗಳು ಯಜಮಾನರ ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರಿಗೆ ಒದ್ದಾಡುವ ಸ್ಥಿತಿಯಲ್ಲಿ ಅರ್ಧರಾತ್ರಿ ಓಡಿದೆವು. ತಪ್ಪು ದಾರಿ ಬಿಟ್ಟದ್ದಕ್ಕೆ ಸ್ವರ್ಗದಿಂದ ಬಹುಮಾನ ಬರುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಆ ಲೆಕ್ಕ ಅಂದು ರಾತ್ರಿ ಹರಿದುಹೋಯಿತು.

ಆ ವಾರ ಓದಿದ್ದು ದಾನಿಯೇಲ 3ನೇ ಅಧ್ಯಾಯ. ಭಾನುವಾರ ಶಾಲೆಯಿಂದ ಗೊತ್ತಿದ್ದ ಕಥೆ: ಅರಸನ ಬೊಂಬೆಗೆ ಅಡ್ಡಬೀಳದ ಮೂವರನ್ನು ಬೆಂಕಿಗೆ ಎಸೆಯುತ್ತಾರೆ. ಬೆಂಕಿಯಲ್ಲಿ ನಾಲ್ಕನೆಯವನು ಕಾಣಿಸಿದ್ದೇ ನಮಗೆಲ್ಲ ಮುಖ್ಯ. ಆದರೆ ಆ ಮೂವರು ಅರಸನಿಗೆ ಉತ್ತರ ಕೊಟ್ಟದ್ದು ಬೆಂಕಿಗೆ ಬೀಳುವ ಮುಂಚೆ. ನಮ್ಮ ದೇವರು ಬಿಡಿಸಬಲ್ಲನು ಎನ್ನುತ್ತಾರೆ 17ನೇ ವಚನದಲ್ಲಿ, ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ ಎನ್ನುತ್ತಾರೆ 18ನೇ ವಚನದಲ್ಲಿ. ನನ್ನ ನಂಬಿಕೆಯಲ್ಲಿ 17ನೇ ವಚನ ಮಾತ್ರ ಇತ್ತು. ಯಜಮಾನರಿಗೆ 18 ಇತ್ತು. ನಾನು ಅವರ ನಂಬಿಕೆಯ ಮೇಲೆ ಒರಗಿ ಬೇಡ ಎಂದೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನಂಬಿಕೆ ಮೊದಲು, ಮಾತು ಕೇಳುವುದು ಆಮೇಲೆ ಎಂದು ಕೇಳಿದ್ದೆ. ನನ್ನ ವಿಷಯದಲ್ಲಿ ತಿರುವುಮುರುವು ಆಯಿತು. ನಂಬದೆಯೇ ಕೇಳಿದೆ, ನಂಬಿಕೆ ಬಹಳ ತಿಂಗಳು ತಡವಾಗಿ, ಕುಂಟುತ್ತಾ ಬಂತು.

ಅಷ್ಟರಲ್ಲಿ ನನ್ನನ್ನು ಉಳಿಸಿದ್ದು ದೂರು. ಹೌದು, ದೂರುವುದು. ಕೀರ್ತನೆ 13ರಲ್ಲಿ ಇರುವುದೇ ಆರು ವಚನ. ಮೊದಲ ಎರಡರಲ್ಲಿ ನಾಲ್ಕು ಸಲ ‘ಎಷ್ಟರ ವರೆಗೆ’ ಎಂಬ ಕೂಗು. ಕೀರ್ತನೆ 88 ಮೊರೆಯಿಂದ ಶುರುವಾಗಿ ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಸ್ತೋತ್ರವಿಲ್ಲ. ಆದರೂ ಅದನ್ನು ಬೈಬಲಿನಿಂದ ಯಾರೂ ಕಿತ್ತುಹಾಕಲಿಲ್ಲ! ನಾನು ಒಂದು ನೋಟ್‌ಬುಕ್ ಇಟ್ಟೆ. ಮಷೀನು ಹಚ್ಚಿದ ಕೂಡಲೇ ಒಂದು ಪುಟ ತುಂಬ ದೇವರಿಗೆ ದೂರು ಬರೆಯುತ್ತೇನೆ, ಹೆಸರು ಹಿಡಿದು, ನಯ ಮಾಡದೆ. ಪುಟ ಮುಗಿದ ಮೇಲೆ ಒಂದೇ ಒಂದು ಬೇಡಿಕೆ. ಅದರ ಕೆಳಗೆ ಇವತ್ತು ಕೇಳಬೇಕಾದ ಮಾತು, ಒಂದು ಸಾಲು. ಇಂಥ ಹದಿನೇಳು ನೋಟ್‌ಬುಕ್ ಈಗ ಟ್ರಂಕಿನಲ್ಲಿವೆ. ಅರಣ್ಯದಲ್ಲಿ ಇಸ್ರಾಯೇಲ್ಯರು ಗುಣುಗುಟ್ಟಿದ್ದು ಪಾಪವಲ್ಲವೇ ಎಂದು ಒಬ್ಬ ಹಿರಿಯ ಸಹೋದರಿ ಎಚ್ಚರಿಸಿದರು. ನನಗೆ ತೋರುವುದು ಹೀಗೆ: ಅವರು ಡೇರೆಯೊಳಗೆ ತಮ್ಮತಮ್ಮಲ್ಲೇ ದೇವರ ಮೇಲೆ ಮಾತಾಡಿಕೊಂಡರು, ದಾವೀದನು ದೇವರ ಮುಖಕ್ಕೇ ಹೇಳಿದನು. ನೋಟ್‌ಬುಕ್ ಬಿಟ್ಟ ವಾರಗಳಲ್ಲಿ ನಾನು ಮನೆಯವರ ಮೇಲೆ ಹರಿಹಾಯ್ದಿದ್ದೇನೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಡ.

ಮನೆಗೆ ಬಂದು ‘ಒಳಗೆ ಅಡಗಿದ ಪಾಪವೇನಾದರೂ ಇದೆಯೇ, ಪರೀಕ್ಷಿಸಿಕೊಳ್ಳಿ’ ಎಂದವರೂ ಇದ್ದರು. ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಇಂಥವರಿಗೆ ಈಗ ನಾನು ಕುಡಿಯಲು ನೀರು ಕೊಟ್ಟು ಕಳಿಸುತ್ತೇನೆ, ವಾದಿಸುವುದಿಲ್ಲ.

ಇನ್ನೊಂದು ಮಾತು, ಬೆಂಚಿನಲ್ಲಿ ಒಬ್ಬ ಹುಡುಗಿಗೆ ಹೇಳಬೇಕಾಗಿ ಬಂದದ್ದರಿಂದ. ಗಂಡ ಹೊಡೆಯುತ್ತಾನೆ, ಇದೂ ನನ್ನ ಶಿಲುಬೆ ಎಂದು ಹೊರುತ್ತಿದ್ದೇನೆ ಅಂದಳು. ಕಾಯಿಲೆ ಬೇರೆ, ಅದು ಬೇರೆ. ಅರಸನಾದ ಸೌಲನು ಈಟಿ ಎಸೆದಾಗ ದಾವೀದನು ತಪ್ಪಿಸಿಕೊಂಡು ಓಡಿದನು, ನಿಂತು ತಿನ್ನಲಿಲ್ಲ. ಮೊದಲು ಆ ಮನೆಯಿಂದ ಹೊರಗೆ ಬಾ ಅಂದೆ.

ನಾಲ್ಕನೇ ವರ್ಷ ನನಗೇ ತಡೆಯಲಾಗಲಿಲ್ಲ. ಬೆಳಗಾಗುವುದೇ ಬೇಡ ಅನ್ನಿಸುತ್ತಿತ್ತು. ಪ್ರಾರ್ಥನೆ ಕಡಿಮೆಯಾದದ್ದರಿಂದ ಹೀಗೆ ಎಂದುಕೊಂಡು ಇನ್ನೂ ಒಂದು ಗಂಟೆ ಮೊದಲೇ ಏಳತೊಡಗಿದೆ, ಇನ್ನಷ್ಟು ಕೆಟ್ಟಿತು. ನಮ್ಮ ಪಾಸ್ಟರ್ ಪ್ರವಾದಿ ಎಲೀಯನ ಭಾಗ ತೆಗೆದು ಕೊಟ್ಟರು, 1 ಅರಸುಗಳು 19. ಸಾಯಬೇಕು ಎಂದು ಗಿಡದ ಕೆಳಗೆ ಮಲಗಿದವನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. ದೇವರು ಮಾತಾಡಿದ್ದು ಅವನು ಎದ್ದು ನಲವತ್ತು ದಿನ ನಡೆದ ಮೇಲೆ. “ನಾಳೆ ಡಾಕ್ಟರ ಹತ್ತಿರ ಹೋಗಿ, ಅದೇ ನಿಮಗೆ ಈಗಿನ ವಿಧೇಯತೆ” ಅಂದರು ಪಾಸ್ಟರ್. ಹೋದೆ. ಖಿನ್ನತೆಗೆ ಒಂದೂವರೆ ವರ್ಷ ಮಾತ್ರೆ ತೆಗೆದುಕೊಂಡೆ. ಮುಚ್ಚಿಡುವಂಥದ್ದು ಏನೂ ಇಲ್ಲ.

ಡಯಾಲಿಸಿಸ್ ಒಂದು ವಿಷಯವನ್ನು ಪಾಸ್ಟರಿಗಿಂತ ಚೆನ್ನಾಗಿ ಕಲಿಸಿತು. ಅದನ್ನು ಕೂಡಿಡಲು ಬರುವುದಿಲ್ಲ. ಮಂಗಳವಾರ ಎಂಟು ಗಂಟೆ ಮಾಡಿಸಿ ಗುರುವಾರ ತಪ್ಪಿಸುತ್ತೇನೆ ಎಂದರೆ ನಡೆಯದು. ವಿಮೋಚನಕಾಂಡ 16ರಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನಾವನ್ನು ಇಸ್ರಾಯೇಲ್ಯರು ನಾಳೆಗೆಂದು ಎತ್ತಿಟ್ಟಾಗ ಅದು ಹುಳಬಿದ್ದು ನಾರಿತಲ್ಲ, ಹಾಗೆ. ಒಂದೇ ತಕರಾರು: ಅವರಿಗೆ ಸಬ್ಬತ್ತಿನ ವಿಶ್ರಾಂತಿ ದಿನಕ್ಕೆಂದು ಆರನೇ ದಿನ ಎರಡು ಪಾಲು ಸಿಗುತ್ತಿತ್ತು. ನಮಗೆ ಶನಿವಾರದಿಂದ ಮಂಗಳವಾರದ ತನಕದ ಉದ್ದನೆಯ ಬಿಡುವಿಗೂ ಅದೇ ನಾಲ್ಕು ಗಂಟೆ. ಭಾನುವಾರ ಆರಾಧನೆಗೆ ಹೋಗುವಾಗ ಪಾದ ಊದಲು ಶುರುವಾಗಿರುತ್ತದೆ, ಸೋಮವಾರ ಬಾಯಾರಿಕೆ ತಾಳಲಾಗದು, ಕುಡಿಯುವ ನೀರಿಗೆ ಅಳತೆ. ಯಜಮಾನರು ಒಂದು ಚೂರು ಐಸನ್ನು ಬಾಯಲ್ಲಿಟ್ಟು ಹತ್ತು ನಿಮಿಷ ಕಳೆಯುತ್ತಾರೆ. “ಮೋಶೆಗೆ ಹೇಳಿ ನಮಗೂ ಎರಡು ಪಾಲು ಕೊಡಿಸೇ” ಎಂದು ನಗುತ್ತಾರೆ. ಆ ನಗುವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ದೂರಿನ ಪುಟದಲ್ಲೇ.

ಭಾವನ ವಿಷಯ ಇನ್ನೂ ಮುಗಿದಿಲ್ಲ. ಕ್ಷಮಿಸಬೇಕು ಎಂಬ ಮಾತು ಕಿವಿಗೆ ಬಿದ್ದು ಐದು ವರ್ಷ. ಮೊದಲು ಅವರ ಹೆಸರು ಹೇಳಿ ಪ್ರಾರ್ಥಿಸುವಾಗ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಈಗ ಕಚ್ಚುವುದಿಲ್ಲ, ಅಷ್ಟರಮಟ್ಟಿಗೆ. ಹೋದ ವರ್ಷ ಅವರಿಗೆ ಎದೆನೋವು ಬಂದಾಗ ನಾನೇ ಫೋನು ಮಾಡಿದೆ. “ಅವನು ಹೇಗಿದ್ದಾನೆ?” ಎಂದು ಕೇಳಿ ಸುಮ್ಮನಾದರು. ಇನ್ನೂ ಬಂದಿಲ್ಲ. ಬಂದ ದಿನ ಕೂರಿಸಲು ಕುರ್ಚಿ ಇದೆ.

ಕಿಡ್ನಿಯ ಪಟ್ಟಿಯಿಂದಲೂ ಕರೆ ಬಂದಿಲ್ಲ.

ಡಯಾಲಿಸಿಸ್ ಮಾಡಿಸುವವರ ಕೈಯಲ್ಲಿ ಫಿಸ್ಟುಲಾ ಎಂದು ಮಾಡಿರುತ್ತಾರೆ, ರಕ್ತನಾಳಗಳನ್ನು ಕೂಡಿಸಿ ಹೊಲಿದದ್ದು. ಅದು ಸರಿಯಾಗಿ ಹರಿಯುತ್ತಿದ್ದರೆ ಮೇಲೆ ಬೆರಳಿಟ್ಟಾಗ ಬೆಕ್ಕು ಗುರ್ರೆನ್ನುವಂತೆ ಸಣ್ಣಗೆ ಕಂಪಿಸುತ್ತದೆ. ಕಂಪನ ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಪ್ರತಿದಿನ ಮುಟ್ಟಿ ನೋಡಿ ಎಂದು ಹೇಳಿಕೊಟ್ಟಿದ್ದಾರೆ. ಹಾಗಾಗಿ ನಮ್ಮ ಬೆಳಗಿನ ಪ್ರಾರ್ಥನೆ ಅಲ್ಲಿಂದಲೇ ಶುರು. “ರೀ, ಕೈ ಕೊಡಿ” ಅನ್ನುತ್ತೇನೆ. ನಿದ್ದೆಗಣ್ಣಲ್ಲೇ ಎಡಗೈ ಚಾಚುತ್ತಾರೆ. ಬೆರಳಿಟ್ಟು ಕಣ್ಣು ಮುಚ್ಚಿಕೊಳ್ಳುತ್ತೇನೆ.

“ಇದೆಯಾ?”

“ಇದೆ.”