ನರ್ಸರಿ ಗಿಡ ಬಿಟ್ಟೆ, ಕಡ್ಡಿ ಹೂತೆ: ಪ್ರಿಯೆ ಬ್ಲಾಂ ದ್ರಾಕ್ಷಿ ಪಡದಲ್ಲಿ ನನ್ನ ಅನುಭವ

ದ್ರಾಕ್ಷಿ ಬಳ್ಳಿಯಿಂದ ಕತ್ತರಿಸದೆ, ಬಾಗಿಸಿ ಮಣ್ಣಲ್ಲಿ ಹತ್ತು ಕಡ್ಡಿ ಹೂತರೆ ಈಗ ಏಳೆಂಟು ಬೇರು ಬಿಡುತ್ತಿವೆ. ಎರಡು ಬದುಕಿದರೆ ಹೆಚ್ಚು ಅಂದಿದ್ದ ಅಕ್ಕಪಕ್ಕದವರೇ ಈ ಸಲ ಬಂದು, ಕಡ್ಡಿ ಹೇಗೆ ಆರಿಸ್ತೀರಿ ಅಂತ ಕೇಳಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪಡ, ಅಂದರೆ ದ್ರಾಕ್ಷಿ ತೋಟ, ಇರುವುದು ಇಟಲಿಯ ಆವೋಸ್ತಾ ಕಣಿವೆಯ ಮೊರ್ಜೆಯಲ್ಲಿ, ಮಾಂ ಬ್ಲಾಂ ಬೆಟ್ಟದ ಬುಡಕ್ಕೆ, ಸುಮಾರು 1,000 ಮೀಟರ್ ಎತ್ತರದಲ್ಲಿ. ಗುತ್ತಿಗೆಗೆ ಹಿಡಿದದ್ದು, ಅರ್ಧ ಎಕರೆಗೂ ಕಮ್ಮಿ. ಮೊರ್ಜೆ, ಲಾ ಸಾಲ್ ಬಿಟ್ಟರೆ ಪ್ರಿಯೆ ಬ್ಲಾಂ ಅನ್ನೋ ಈ ಬಿಳಿ ದ್ರಾಕ್ಷಿ ಸಿಗುವುದೇ ಅಪರೂಪ. ವಿಜಯಪುರದ ಕಡೆ ನಾವು ಡಾಗ್ರಿಡ್ಜ್ ಅನ್ನೋ ಬೇರೆ ಜಾತಿ ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿ ಬೆಳೆಸಿದವರು. ಇಲ್ಲಿ ದ್ರಾಕ್ಷಿ ಬೇರು ಹಾಳುಮಾಡುವ ಫಿಲಾಕ್ಸೆರಾ ಹೇನು ನೆಲೆ ನಿಲ್ಲಲಿಲ್ಲ, ಬಳ್ಳಿ ಇವತ್ತಿಗೂ ಸ್ವಂತ ಬೇರಿನ ಮೇಲೇ ಇದೆ. ಕಡ್ಡಿ ಹೂಳೋಕೆ ಆಗಿದ್ದೇ ಅದರಿಂದ.

ಹಗಲು ಕಾದ ನೆಲದ ಬಿಸಿ ರಾತ್ರಿ ಗೊನೆಗೆ ಸಿಗಲಿ ಅಂತ ಇಲ್ಲಿ ಚಪ್ಪರ ತೀರಾ ತಗ್ಗು. ಚಾಟ್ನಿಯನ್ನೂ (ಬಳ್ಳಿ ಸವರುವುದನ್ನೂ) ಮಂಡಿಯೂರಿ ಮಾಡಬೇಕು. ಬಳ್ಳಿ ಸತ್ತ ಕಡೆ ಚಪ್ಪರ ಖಾಲಿ ಬೀಳುತ್ತದೆ. ಮೊದಲು ನರ್ಸರಿ ಗಿಡ ತಂದೆ. ಸಾಗಣೆ, ಕೂಲಿ ಸೇರಿ ಆರೇಳು ನೂರು ಯೂರೋ ಹೋಯಿತು. ಮೇಲೆ ಹಳೇ ಬಳ್ಳಿಯ ನೆರಳು, ಕೆಳಗೆ ಅದರದ್ದೇ ಬೇರು, ಗಿಡ ಮೊಣಕಾಲೆತ್ತರವೂ ಬರಲಿಲ್ಲ. ಮತ್ತೆ ತಂದೆ, ಮತ್ತೆ ಅದೇ ಕತೆ. ಗಿಡ ಕೊಟ್ಟವನು ಮಣ್ಣಿನ ಮೇಲೆ ತಪ್ಪು ಹಾಕಿದ.

ಕಡ್ಡಿ ಹೂಳುವುದು ಇಲ್ಲಿ ಅಜ್ಜಂದಿರ ಕಾಲದ ಕೆಲಸ. ಮೊದಲ ಸಲ ಚಳಿಗಾಲಕ್ಕೆ ಮುಂಚೆ ಹೂತದ್ದನ್ನೆಲ್ಲ ನೆಲ ಹೆಪ್ಪುಗಟ್ಟಿ ಉಬ್ಬಿ ಮೇಲೆತ್ತಿ ಹಾಕಿತು. ಈಗ ಹಿಮ ಕರಗಿ ಕಡ್ಡಿಯ ಕಣ್ಣು (ಚಿಗುರುಮೊಗ್ಗು) ಒಡೆಯುವ ಮುಂಚೆಯೇ ಮುಗಿಸುತ್ತೇನೆ. ಪಕ್ಕದ ಬಳ್ಳಿಯ ಒಂದು ವರ್ಷದ ಕಡ್ಡಿ, ಪೆನ್ಸಿಲ್‌ಗಿಂತ ದಪ್ಪ ಇರಬೇಕು. ತಾಯಿ ಬಳ್ಳಿಯಿಂದ ಗುಂಡಿವರೆಗಿನ ಕಣ್ಣೆಲ್ಲ ಹೆಬ್ಬೆರಳಲ್ಲಿ ಉಜ್ಜಿ ತೆಗೆಯಿರಿ. ಗುಂಡಿ ಒಂದು ಮೊಳ ಆಳ. ಬಾಗಿಸುವಾಗ ಒಳಗೆ ಚಟಚಟ ಅಂದರೂ ಪರವಾಗಿಲ್ಲ, ತೊಗಟೆ ಹರಿಯಬಾರದು. ಎರಡು ಕಣ್ಣು ಮೇಲೆ ಉಳಿಸಿ ಗೂಟಕ್ಕೆ ಕಟ್ಟಿ. ಗುಂಡಿ ತಳಕ್ಕೆ ನಾನು ಏನು ಹಾಕ್ತೀನಿ ಅಂತ ಮಾತ್ರ ಹೇಳಲ್ಲ, ಗೊಬ್ಬರವಂತೂ ಅಲ್ಲ.

ಎರಡನೇ ವರ್ಷ ತಾಯಿ ಕಡೆಗೆ ತಂತಿ ಸುತ್ತುತ್ತೇನೆ. ಕಡ್ಡಿ ದಪ್ಪ ಆದ ಹಾಗೆ ತಂತಿ ಕಚ್ಚುತ್ತದೆ, ಮರಿ ತನ್ನ ಬೇರನ್ನೇ ನಂಬಬೇಕಾಗುತ್ತದೆ. ಮೂರನೇ ವರ್ಷ ಕತ್ತರಿಸಿದರೆ ಆಯಿತು. ತಾಯಿ ಹಾಲೂಡುತ್ತಿರುವುದರಿಂದ ಎರಡನೇ ವರ್ಷವೇ ನಾಲ್ಕಾರು ಗೊನೆ ಬರುತ್ತವೆ, ನರ್ಸರಿ ಗಿಡದಲ್ಲಿ ಇದು ಕನಸು.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಹೂತ ಕಡೆ ಕುರಿ ಉಣ್ಣೆ ಹೊದಿಸಿದೆ, ತೇವ ಚೆನ್ನಾಗಿ ನಿಂತಿತು, ಆದರೆ ಇಲಿ ಗೂಡು ಮಾಡಿ ತೊಗಟೆ ಕಡಿಯಿತು. ಇಲ್ಲಿ ಈ ದ್ರಾಕ್ಷಿಯಲ್ಲಿ, ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಐಸ್ ವೈನ್ ಮಾಡುತ್ತಾರಲ್ವಾ, ಅದಕ್ಕೆ ಅಂತ ಒಂದು ಸಾಲು ಗೊನೆ ಬಿಟ್ಟರೆ ಜಾಸ್ತಿ ಪಾಲು ಹಕ್ಕಿಗಳೇ ತಿಂದವು. ಉಳಿದದ್ದರ ರಸ ಮಾತ್ರ ಜೇನಿನಷ್ಟು ಗಟ್ಟಿ, ಹುಳಿಯೂ ಉಳಿದಿತ್ತು. ಬಲೆ ಹಾಕಿ ಇನ್ನೊಮ್ಮೆ ಮಾಡುತ್ತೇನೆ.

ಖರ್ಚು ಅಂದರೆ ಈಗ ಗೂಟ, ತಂತಿ, ನನ್ನ ಬೆನ್ನು, ಅಷ್ಟೇ. ಖಾಲಿ ಜಾಗ ಮುಕ್ಕಾಲು ಭಾಗ ತುಂಬಿದೆ. ಮುಂದಿನ ವಸಂತದಲ್ಲಿ ಕಲ್ಲುಗೋಡೆ ಪಕ್ಕದ ಮೇಲಿನ ಸಾಲು ಹಿಡಿಯುತ್ತೇನೆ, ಅಲ್ಲಿ ಹಿಮ ಬೇಗ ಕರಗುತ್ತದೆ.