ನಾಯಿಮರಿಗೆ ಹುಳದ ಔಷಧಿ, ಮರಳಿನ ರಾಶಿಗೆ ಟಾರ್ಪಾಲು

ಮೈ ಸಣಕಲು, ಹೊಟ್ಟೆ ಮಾತ್ರ ಗುಡಾಣ. ಇಂಥ ನಾಯಿಮರಿ ಕಂಡರೆ ಚೆನ್ನಾಗಿ ಹಾಲು ಕುಡಿದಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಬಹಳ ಸಲ ಹೊಟ್ಟೆ ತುಂಬ ಇರುವುದು ಟಾಕ್ಸೊಕಾರ ಅನ್ನುವ ದುಂಡುಹುಳ. ತಾಯಿಯ ಗರ್ಭದಲ್ಲೇ ಮರಿಗೆ ಬಂದುಬಿಡುತ್ತದೆ, ಹುಟ್ಟಿದ ಮೇಲೆ ಹಾಲಿನಲ್ಲೂ ಬರುತ್ತದೆ. ಇದೇ ಹುಳ ನಮ್ಮ ಮಕ್ಕಳಿಗೂ ಅಂಟುತ್ತದೆ.

ಮೊದಲು ಔಷಧಿ. ಮರಿಗೆ 2 ವಾರ ತುಂಬಿದಾಗ ಶುರು ಮಾಡಿ, 4, 6, 8ನೇ ವಾರ ಮತ್ತೆ ಕೊಡಿಸಿ, ಆಮೇಲೆ 6 ತಿಂಗಳ ತನಕ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ 3 ತಿಂಗಳಿಗೊಮ್ಮೆ. ತಾಯಿನಾಯಿಗೂ ಮರಿಗಳ ಜೊತೆಗೇ ಕೊಡಿಸಿ. ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ, ಮನೆಯಲ್ಲಿರುವ ಮಕ್ಕಳ ಸಿರಪ್ಪನ್ನು ಅಂದಾಜಿನಲ್ಲಿ ಕುಡಿಸಬೇಡಿ. ಒಂದು ಸಲಕ್ಕೆ ನಿಲ್ಲಿಸಲೂಬೇಡಿ, ಯಾಕೆಂದರೆ ಮೈಯೊಳಗೆ ಓಡಾಡುತ್ತಿರುವ ಮರಿಹುಳಗಳು ಆಮೇಲೆ ಕರುಳಿಗೆ ಬರುತ್ತವೆ.

ಇನ್ನು ಕಕ್ಕ. ದಿನಾ ಎತ್ತಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಈಗಷ್ಟೇ ಹಾಕಿದ ಕಕ್ಕದಲ್ಲಿರುವ ಹುಳದ ಮೊಟ್ಟೆ ಇನ್ನೂ ಎಳೆಯದು, ಮಣ್ಣಿನಲ್ಲಿ ಸುಮಾರು 2ರಿಂದ 4 ವಾರ ಇದ್ದು ಬಲಿತ ಮೇಲೇ ಅಂಟುವುದು. ನಾವು ಮೂಗು ಮುಚ್ಚಿಕೊಂಡು ದೂರ ಸರಿಯುವುದು ಹಸಿ ಕಕ್ಕದಿಂದ, ಮಗು ಕೂತು ಆಡುವುದು ಅದು ಒಣಗಿ ಪುಡಿಯಾಗಿ ಕಣ್ಣಿಗೇ ಕಾಣದಂತಾದ ಮಣ್ಣಿನಲ್ಲಿ. ಅಲ್ಲಿ ಮೊಟ್ಟೆ ವರ್ಷಗಟ್ಟಲೆ ಉಳಿಯಬಲ್ಲದು. ಫಿನಾಯಿಲ್ ಚೆಲ್ಲಿದರೆ ಸಾಯುತ್ತದೆ ಅಂತ ನಂಬಬೇಡಿ. ಎತ್ತಿದ್ದನ್ನು ತರಕಾರಿ ಗಿಡದ ಬುಡಕ್ಕೂ ಹಾಕಬೇಡಿ.

ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿ ಇದೆಯಲ್ಲ, ಬೀದಿಯ ಮಕ್ಕಳೆಲ್ಲ ಆಡುವುದು ಅಲ್ಲೇ, ನಾಯಿ ಬೆಕ್ಕು ಕಕ್ಕಕ್ಕೆ ಕೂರುವುದೂ ಅಲ್ಲೇ. ಸಂಜೆ ಟಾರ್ಪಾಲು ಹೊದಿಸಿ. ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ನಡೆದರೆ ನಾಯಿಯ ಕೊಕ್ಕೆಹುಳದ ಮರಿ ಚರ್ಮದೊಳಗೆ ಹೊಕ್ಕು, ವಿಪರೀತ ತುರಿಸುವ ಕೆಂಪು ಗೆರೆ ಹಾವಿನಂತೆ ಹರಿಯುತ್ತದೆ. ಚಪ್ಪಲಿ ಹಾಕಿಸಿ. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ, ಉಗುರು ಕತ್ತರಿಸಿ.

ಶಾಲೆಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಟ್ಟಿದ್ದಾರಲ್ಲ ಅಂತ ಸುಮ್ನೆ ಇರಬೇಡಿ. ಅದು ಮಗುವಿನ ಕರುಳಿನ ಹುಳಕ್ಕೆ ಕೊಡುವುದು, ತಪ್ಪದೆ ಕೊಡಿಸಿ. ಆದರೆ ನಾಯಿಯ ದುಂಡುಹುಳದ ಮರಿ ನಮ್ಮ ಕರುಳಿನಲ್ಲಿ ನೆಲೆಸದೆ ಪಿತ್ತಜನಕಾಂಗ, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿಗೂ ಹೋಗುತ್ತದೆ. ಮಲ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಹೆಚ್ಚಿನವರಿಗೆ ಏನೂ ಆಗದಿರಬಹುದು, ಆದರೆ ಮಗುವಿನ ಒಂದು ಕಣ್ಣು ಮಂಜಾದರೆ, ಮೆಳ್ಳೆಯಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ ನಾಯಿಮರಿ ಇದೆ ಅಂತ ಅವರು ಕೇಳುವ ಮೊದಲೇ ಹೇಳಿ.